ಎರಡು ಅಂತಸ್ತಿನ ರೆಕ್ಕೆಗಳು: ಐಲ್ಯಾಂಡ್ ಮೈದಾನದಿಂದ ಮೆರೀನಾದವರೆಗೆ

ಚೆನ್ನೈಯಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಐಲ್ಯಾಂಡ್ ಗ್ರೌಂಡ್ಸ್ ಎಂದೊಡನೆ ನೆನಪಿಗೆ ಬರುವುದು ಪೊಂಗಲ್ ಹಬ್ಬದ ಆಸುಪಾಸಿನ ವಸ್ತುಪ್ರದರ್ಶನ, ರಾಟವಾಳ, ಮಕ್ಕಳ ಮುಖವನ್ನೇ ಮುಚ್ಚಿಬಿಡುವಷ್ಟು ದೊಡ್ಡದಾದ ದೆಹಲಿ ಹಪ್ಪಳ. ಮೈದಾನದ ಬದಿಯಲ್ಲಿ ಕುದುರೆಯೇರಿ ನಿಂತಿರುವ ಥಾಮಸ್ ಮನ್ರೋನನ್ನು ಬಳ್ಳಾರಿ ಸೀಮೆಯಿಂದ ಬಂದವರು ತಮ್ಮೂರಿನ ಹಳೆಯ ಕಲೆಕ್ಟರ್ ಎಂದು ಗುರುತಿಸುವುದೂ ಉಂಟು. ಆದರೆ ಇದೇ ಮೈದಾನದಲ್ಲಿ 1910ರ ಮಾರ್ಚ್ ತಿಂಗಳಲ್ಲಿ ಮದರಾಸಿನ ಜನ ಮೊದಲ ಬಾರಿಗೆ ಒಂದು ವಿಮಾನ ನೆಲಬಿಟ್ಟು ಏಳುವುದನ್ನು ಕಂಡರು ಎಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ಅದನ್ನು ಹಾರಿಸಿದವನು ಸೈನಿಕನಲ್ಲ, ಎಂಜಿನಿಯರನೂ ಅಲ್ಲ. ಅವನು ಮೌಂಟ್ ರೋಡಿನಲ್ಲಿ ಹೋಟೆಲ್ ನಡೆಸುತ್ತಿದ್ದ, ಮಿಠಾಯಿ ತಯಾರಿಕೆಯಲ್ಲಿ ಹೆಸರು ಮಾಡಿದ್ದ ಕಾರ್ಸಿಕಾ ಮೂಲದ ಜಿಯಾಕೊಮೊ ಡಿ ಏಂಜಲಿಸ್. 1909ರ ಜುಲೈ 25ರಂದು ಫ್ರಾನ್ಸಿನ ಲೂಯಿ ಬ್ಲೆರಿಯೊ ಇಂಗ್ಲಿಷ್ ಕಡಲ್ಗಾಲುವೆಯನ್ನು ಹಾರಿ ದಾಟಿದ ಸುದ್ದಿ ಲೋಕವನ್ನೆಲ್ಲ ಸುತ್ತಿತಷ್ಟೆ. ಆ ಸುದ್ದಿಯ ಗುಂಗಿನಲ್ಲಿ ಈತ ತಾನೇ ಒಂದು ನಕ್ಷೆ ಬರೆದ. ಗಾಡಿ ಕಟ್ಟುವ ಕೆಲಸದಲ್ಲಿ ಪಳಗಿದ್ದ ಸಿಂಪ್ಸನ್ ಕಂಪನಿಯವರು ಅದನ್ನು ಮದರಾಸಿನಲ್ಲೇ ಕಟ್ಟಿಕೊಟ್ಟರು. ಪಲ್ಲಾವರದ ಬಯಲಿನಲ್ಲಿ ಪರೀಕ್ಷೆ ನಡೆಯಿತು, ಬಳಿಕ ಐಲ್ಯಾಂಡ್ ಮೈದಾನದಲ್ಲಿ ಶುಲ್ಕವಿಟ್ಟು ಸಾರ್ವಜನಿಕ ಪ್ರದರ್ಶನವೂ ನಡೆಯಿತು. ಮದರಾಸಿನ ಇತಿಹಾಸವನ್ನು ಆಸ್ಥೆಯಿಂದ ದಾಖಲಿಸಿದ ಎಸ್. ಮುತ್ತಯ್ಯನವರು ಈ ಪ್ರಸಂಗವನ್ನು ಮತ್ತೆ ಮತ್ತೆ ನೆನಪಿಸದೇ ಇದ್ದಿದ್ದರೆ ಅದು ಪೂರ್ತಿ ಮರೆತೇಹೋಗುತ್ತಿತ್ತೇನೋ. ಭಾರತದ ನೆಲದಿಂದ ಯಂತ್ರಬಲದಲ್ಲಿ ಎದ್ದ ಮೊದಲ ವಿಮಾನ ಇದೇ ಎಂದು ವಾದಿಸುವವರಿದ್ದಾರೆ.

ಆ ವಿಮಾನ ಬೈಪ್ಲೇನ್. ಜೋಡಿ ರೆಕ್ಕೆಯ ವಿಮಾನ ಎಂದು ಕನ್ನಡದಲ್ಲಿ ಹೇಳುವ ರೂಢಿಯುಂಟು, ಆದರೆ ಜೋಡಿ ರೆಕ್ಕೆ ಗುಬ್ಬಿಗೂ ಇದೆ. ಒಂದರ ಮೇಲೊಂದು ಇರುವ, ನಡುವೆ ಕಂಬಗಳೂ ತಂತಿಗಳೂ ಇರುವ ಎರಡು ಅಂತಸ್ತಿನ ರೆಕ್ಕೆ ಎಂದರೆ ಚಿತ್ರ ಸ್ಪಷ್ಟವಾದೀತು.

ಎರಡು ಅಂತಸ್ತು ಏಕೆ? ಅಂದಿನ ಎಂಜಿನ್ನುಗಳ ಬಲ ಅತ್ಯಲ್ಪ, ವೇಗ ಅಲ್ಪ. ವೇಗ ಕಡಮೆಯಾದಷ್ಟೂ ವಿಮಾನವನ್ನು ಎತ್ತಿಹಿಡಿಯಲು ರೆಕ್ಕೆಯ ವಿಸ್ತೀರ್ಣ ಹೆಚ್ಚಬೇಕು. ಮರದ ಪಟ್ಟಿ, ಬಟ್ಟೆಗಳಿಂದ ಮಾಡಿದ ತೆಳುವಾದ ಒಂದೇ ರೆಕ್ಕೆಯನ್ನು ಉದ್ದಕ್ಕೆ ಚಾಚಿದರೆ ಅದು ತಿರುಚಿ ಮುರಿಯುತ್ತದೆ. ಅದೇ ವಿಸ್ತೀರ್ಣವನ್ನು ಎರಡಾಗಿ ಹಂಚಿ, ಒಂದರ ಮೇಲೊಂದಿರಿಸಿ, ನಡುವೆ ಕಂಬ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಉಕ್ಕಿನ ತಂತಿ ಬಿಗಿದರೆ ಇಡೀ ಕಟ್ಟಡ ಹಗುರವಾಗಿಯೂ ಗಟ್ಟಿಯಾಗಿಯೂ ಇರುತ್ತದೆ. ನಮ್ಮ ರೈಲುಗಳು ಕೃಷ್ಣೆ ತುಂಗಭದ್ರೆಗಳನ್ನು ದಾಟುವಾಗ ಕಿಟಕಿಯಾಚೆ ಓರೆಯಾಗಿ ಸರಿದುಹೋಗುವ ಕಬ್ಬಿಣದ ತೊಲೆಗಳನ್ನು ನೆನೆಯಿರಿ, ತತ್ವ ಅದೇ. ಇದು ಬರಿಯ ಹೋಲಿಕೆಯಲ್ಲ. 1896ರಲ್ಲಿ ಈ ಬಗೆಯ ರೆಕ್ಕೆಯ ಗ್ಲೈಡರನ್ನು ರೂಪಿಸಿದ ಅಮೆರಿಕದ ಆಕ್ಟೇವ್ ಷನೂಟ್ ವೃತ್ತಿಯಿಂದ ರೈಲು ಸೇತುವೆಗಳ ಎಂಜಿನಿಯರ್. ಸೇತುವೆಯ ಲೆಕ್ಕವನ್ನೇ ಆತ ಗಾಳಿಗೆ ಒಯ್ದ. ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಹನ್ನೆರಡು ಸೆಕೆಂಡುಗಳಲ್ಲಿ 120 ಅಡಿ ಹಾರಿದ ಯಂತ್ರವೂ ಇದೇ ಕುಲದ್ದು.

ಈ ರಚನೆಗೆ ಇನ್ನೊಂದು ಗುಣವಿತ್ತು. ನಿಧಾನವಾಗಿ ಹಾರಬಲ್ಲ ವಿಮಾನ ಚಿಕ್ಕ ಬಯಲಿನಲ್ಲೂ ಏಳುತ್ತದೆ, ಇಳಿಯುತ್ತದೆ, ಕಿರಿದಾದ ಸುತ್ತಿನಲ್ಲಿ ತಿರುಗುತ್ತದೆ. ಅಂದರೆ ಅದು ನೋಡುವವರ ಕಣ್ಣೆದುರಿನಲ್ಲೇ ಉಳಿಯುತ್ತದೆ. ಇಂದಿನ ರಫಾಲ್ ವಿಮಾನ ಸದ್ದು ಕೇಳಿ ತಲೆಯೆತ್ತುವಷ್ಟರಲ್ಲಿ ದಿಗಂತ ಸೇರಿರುತ್ತದೆ. ಬೈಪ್ಲೇನ್ ಹಾಗಲ್ಲ, ರಥಬೀದಿಯಲ್ಲಿ ತೇರು ಸಾಗಿದಂತೆ ಎಲ್ಲರಿಗೂ ದರ್ಶನ ಕೊಟ್ಟು ಹೋಗುತ್ತದೆ. ಚಾಲಕನ ಮುಖ, ಅವನು ಕೈಬೀಸಿದ್ದು, ತಂತಿಗಳು ಗಾಳಿಗೆ ಹಾಡುವ ಸದ್ದು ಎಲ್ಲವೂ ನೆಲದವರೆಗೆ ಮುಟ್ಟುತ್ತಿದ್ದವು.

ವಾಸನೆಯೂ ಮುಟ್ಟುತ್ತಿತ್ತು, ಅದೂ ನಮಗೆ ಪರಿಚಿತವಾದ ವಾಸನೆ. ಆ ಕಾಲದ ಹೆಸರಾಂತ ನೋಮ್ ಎಂಜಿನ್ನಿನಲ್ಲಿ ಪ್ರೊಪೆಲ್ಲರಿನೊಡನೆ ಇಡೀ ಎಂಜಿನ್ನೇ ಗಿರಗಿರನೆ ಸುತ್ತುತ್ತಿತ್ತು. ಅದಕ್ಕೆ ಎರೆಯುತ್ತಿದ್ದ ಎಣ್ಣೆ ಪೆಟ್ರೋಲಿನೊಡನೆ ಬೆರೆತು ತೆಳುವಾಗಬಾರದು. ಈ ಗುಣವಿದ್ದದ್ದು ನಮ್ಮ ಹರಳೆಣ್ಣೆಗೆ, ಉತ್ತರ ಕರ್ನಾಟಕದವರು ಔಡಲೆಣ್ಣೆ ಎನ್ನುವುದಕ್ಕೆ. ಎರೆದ ಎಣ್ಣೆ ಎಂಜಿನ್ನಿನೊಳಗೆ ಉಳಿಯದೆ ಹೊರಚಿಮ್ಮಿ ಚಾಲಕನ ಮುಖ ಮೈಗಳಿಗೆ ಸಿಡಿಯುತ್ತಿತ್ತು, ಸಾಲದ್ದಕ್ಕೆ ಮೂಗು ಬಾಯಿಗಳಿಂದ ಒಳಗೂ ಹೋಗುತ್ತಿತ್ತು. ಬಾಲ್ಯದಲ್ಲಿ ಭಾನುವಾರ ಬೆಳಗ್ಗೆ ಅಜ್ಜಿಯ ಕೈಯಿಂದ ಹರಳೆಣ್ಣೆ ಕುಡಿದವರಿಗೆ ಆ ಶೂರರ ಮುಂದಿನ ಪಾಡನ್ನು ವಿವರಿಸಬೇಕಾಗಿಲ್ಲ.

ಇಂಥ ಯಂತ್ರವನ್ನು ಕೊಳ್ಳುವವರು ಯಾರು? ಆರಂಭದಿಂದಲೂ ಉತ್ತರ ಒಂದೇ: ಸೈನ್ಯ. ಅಮೆರಿಕದ ರಾಜಧಾನಿಯ ಬಳಿಯ ಫೋರ್ಟ್ ಮೈಯರ್ ಎಂಬಲ್ಲಿ 1908ರ ಸೆಪ್ಟೆಂಬರಿನಲ್ಲಿ ಆರ್ವಿಲ್ ರೈಟ್ ಸೈನ್ಯಾಧಿಕಾರಿಗಳ ಮುಂದೆ ಪರೀಕ್ಷಾ ಹಾರಾಟ ನಡೆಸಿದಾಗ ಊರಿಗೆ ಊರೇ ನೋಡಲು ನೆರೆಯಿತು. ಹೀಗೆ ಸೈನ್ಯದ ಪರೀಕ್ಷೆಯೇ ಸಾರ್ವಜನಿಕ ಪ್ರದರ್ಶನವಾಯಿತು. ಆ ತಿಂಗಳ 17ರಂದು, ಅದೇ ಜನರ ಕಣ್ಣೆದುರಿನಲ್ಲಿ, ವಿಮಾನ ನೆಲಕ್ಕೆ ಅಪ್ಪಳಿಸಿ ಜೊತೆಯಲ್ಲಿ ಕುಳಿತಿದ್ದ ಲೆಫ್ಟಿನೆಂಟ್ ಥಾಮಸ್ ಸೆಲ್ಫ್ರಿಡ್ಜ್ ತೀರಿಕೊಂಡ. ವಿಮಾನಾಪಘಾತದಲ್ಲಿ ಸತ್ತ ಮೊದಲಿಗ ಅವನೇ. ಮರುವರ್ಷ ಪರೀಕ್ಷೆ ಗೆದ್ದು, ನಿಗದಿಗಿಂತ ಹೆಚ್ಚಿನ ವೇಗಕ್ಕೆ ದೊರೆತ ಬಹುಮಾನವೂ ಸೇರಿ 30,000 ಡಾಲರುಗಳಿಗೆ ಆ ಬೈಪ್ಲೇನ್ ಸೈನ್ಯದ ಸ್ವತ್ತಾಯಿತು.

ನಮ್ಮ ದೇಶದಲ್ಲಿಯೂ ಇದರ ಪುನರಾವೃತ್ತಿ ಬೇಗನೆ ನಡೆಯಿತು. ಇಂಗ್ಲೆಂಡಿನ ಬ್ರಿಸ್ಟಲ್ ಕಂಪನಿ ಮಾರಾಟಕ್ಕೆಂದು ತನ್ನ ಬಾಕ್ಸ್‌ಕೈಟ್ ಬೈಪ್ಲೇನುಗಳನ್ನು ಹಡಗಿನಲ್ಲಿ ಭಾರತಕ್ಕೆ ಕಳುಹಿಸಿತು. ಐವತ್ತು ಕುದುರೆಶಕ್ತಿಯ ಎಂಜಿನ್ನು, ಗಂಟೆಗೆ ಸುಮಾರು ನಲವತ್ತು ಮೈಲಿ ವೇಗ, ಹೆಸರಿಗೆ ತಕ್ಕಂತೆ ಪೆಟ್ಟಿಗೆಯಾಕಾರದ ಗಾಳಿಪಟದ ರೂಪ. ಕಲ್ಕತ್ತದಲ್ಲಿ ಅಪಾರ ಜನಸಂದಣಿಯೆದುರು ಪ್ರದರ್ಶನವಾಯಿತು. 1911ರ ಜನವರಿಯಲ್ಲಿ ನಿಜಾಮರ ಸೀಮೆಯ ಔರಂಗಾಬಾದಿನ ಬಳಿ ದಖ್ಖನಿನ ಸೇನಾ ಕವಾಯತು ನಡೆದಾಗ ಫ್ರೆಂಚ್ ಚಾಲಕ ಆನ್ರಿ ಜುಲರೊ ಈ ವಿಮಾನ ಹಾರಿಸಿದ. ವೀಕ್ಷಕನಾಗಿ ಜೊತೆಗೆ ಕುಳಿತವನು ಕ್ಯಾಪ್ಟನ್ ಸೆಫ್ಟನ್ ಬ್ರ್ಯಾಂಕರ್ ಎಂಬ ಫಿರಂಗಿದಳದ ಅಧಿಕಾರಿ. ಅಶ್ವದಳ ದಿನವಿಡೀ ಅಲೆದು ತರಬೇಕಾಗಿದ್ದ ಎದುರುಪಕ್ಷದ ನೆಲೆಯ ಸುದ್ದಿಯನ್ನು, ಜಾಲ್ನಾ ದಿಕ್ಕಿಗೆ ಹಾರಿ ನೋಡಿ ಆತ ತಂದುಕೊಟ್ಟ. ಮುಂದೆ ಸರ್ ಪದವಿ ಪಡೆದು ಬ್ರಿಟನ್ನಿನ ನಾಗರಿಕ ವಿಮಾನಯಾನದ ಮುಖ್ಯಸ್ಥನಾದ ಈ ಬ್ರ್ಯಾಂಕರ್ 1930ರ ಅಕ್ಟೋಬರಿನಲ್ಲಿ ಭಾರತಕ್ಕೆ ಹೊರಟಿದ್ದ ಆರ್-101 ಎಂಬ ವಾಯುನೌಕೆ ಫ್ರಾನ್ಸಿನಲ್ಲಿ ಉರಿದುಬಿದ್ದಾಗ ಅದರಲ್ಲೇ ಮಡಿದ.

1912ರಲ್ಲಿ ಒಂಟಿ ರೆಕ್ಕೆಯ ಕೆಲವು ವಿಮಾನಗಳು ಸಾಲಾಗಿ ಅಪಘಾತಕ್ಕೀಡಾದಾಗ ಬ್ರಿಟಿಷ್ ಯುದ್ಧ ಇಲಾಖೆ ತನ್ನ ಸೇನಾ ಚಾಲಕರು ಅವನ್ನು ಹಾರಿಸಕೂಡದೆಂದು ಸ್ವಲ್ಪ ಕಾಲ ನಿಷೇಧವನ್ನೇ ಹೇರಿತು. ನಿಷೇಧ ಹೋದರೂ ಶಂಕೆ ಹೋಗಲಿಲ್ಲ. ಮುಂದಿನ ಎರಡು ದಶಕಗಳಿಗೂ ಮಿಕ್ಕಿ ಬ್ರಿಟಿಷ್ ಸಾಮ್ರಾಜ್ಯದಲ್ಲಿ ಸೇನಾ ವಿಮಾನವೆಂದರೆ ಬಹುತೇಕ ಬೈಪ್ಲೇನ್ ಎಂದೇ ಅರ್ಥವಾಯಿತು.

ಲೆಕ್ಕಪುಸ್ತಕಗಳ ನಡುವೆಯೇ ವಯಸ್ಸು ಕಳೆದ ನಮಗೆ ಈ ಪ್ರದರ್ಶನಗಳ ಜಮಾಖರ್ಚಿನ ಬಗೆಗೆ ಕುತೂಹಲ ಸಹಜ. ನಾಟಕ ಕಂಪನಿಯವರು ಡೇರೆ ಹಾಕುತ್ತಾರೆ, ಸರ್ಕಸ್ಸಿನವರೂ ಡೇರೆ ಹಾಕುತ್ತಾರೆ. ಡೇರೆಯೊಳಗೆ ಬರಬೇಕಾದರೆ ಟಿಕೆಟ್ಟು ಕೊಳ್ಳಲೇಬೇಕು. ಆದರೆ ಆಕಾಶಕ್ಕೆ ಡೇರೆ ಹಾಕುವುದು ಹೇಗೆ? ಐಲ್ಯಾಂಡ್ ಮೈದಾನದೊಳಗೆ ಹಣ ತೆತ್ತು ನಿಂತವನು ಕಂಡದ್ದನ್ನೇ ಕೂವಂ ನದಿಯ ಆಚೆದಡದಲ್ಲಿ ನಿಂತವನು ಬಿಟ್ಟಿಯಾಗಿ ಕಾಣಬಹುದು. ವಿಮಾನ ಎಷ್ಟು ಎತ್ತರ ಏರಿದರೆ ಅಷ್ಟು ದೂರದವರೆಗಿನ ಪ್ರೇಕ್ಷಕರು ಪುಕ್ಕಟೆ. ಈ ವ್ಯಾಪಾರದಲ್ಲಿ ಸಾಧನೆ ಹೆಚ್ಚಿದಷ್ಟೂ ವಸೂಲಿ ಕಡಮೆ!

ಆದ್ದರಿಂದ ಅಂದಿನ ಜಾಣರು ನೋಟವನ್ನು ಬಿಟ್ಟು ಬೇರೇನನ್ನಾದರೂ ಮಾರುವ ದಾರಿ ಹುಡುಕಿದರು. 1911ರ ಫೆಬ್ರವರಿ 18ರಂದು ಅಲಹಾಬಾದಿನ ವಸ್ತುಪ್ರದರ್ಶನದಲ್ಲಿ ಆನ್ರಿ ಪೆಕೆ ಎಂಬ ಫ್ರೆಂಚ್ ತರುಣ ಹಂಬರ್ ಬೈಪ್ಲೇನಿನಲ್ಲಿ ಸುಮಾರು 6,500 ಪತ್ರಗಳನ್ನು ಹೇರಿಕೊಂಡು ಯಮುನೆ ದಾಟಿ ನೈನಿಗೆ ಮುಟ್ಟಿಸಿದ. ಇದು ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆಯೆಂದು ಪ್ರಸಿದ್ಧ. ಪ್ರತಿ ಪತ್ರಕ್ಕೆ ಆರಾಣೆ ವಿಶೇಷ ಶುಲ್ಕ, ಬಂದ ಹಣ ಅಲ್ಲಿನ ವಿದ್ಯಾರ್ಥಿನಿಲಯವೊಂದಕ್ಕೆ. ನೋಟಕ್ಕೆ ಬೇಲಿ ಇಲ್ಲದಿದ್ದರೂ ಅಂಚೆಮುದ್ರೆಗೆ ಬೆಲೆ ಇತ್ತು.

ಮೊದಲ ಮಹಾಯುದ್ಧ ಮುಗಿದ ಮೇಲೆ ಇನ್ನೊಂದು ದಾರಿ ತೆರೆಯಿತು. ಯುದ್ಧಕಾಲದಲ್ಲಿ ಬೈಪ್ಲೇನುಗಳನ್ನು ಸಾವಿರಗಟ್ಟಲೆ ಕಟ್ಟಿದ್ದರು. ಬ್ರಿಟನ್ನಿನ ಆವ್ರೋ 504 ಎಂಬ ತರಬೇತಿ ವಿಮಾನವೊಂದರ ಸಂಖ್ಯೆಯೇ ಎಂಟು ಸಾವಿರವನ್ನು ಮೀರಿತ್ತು. 1918ರ ನವೆಂಬರಿನಲ್ಲಿ ಅವೆಲ್ಲ ಒಮ್ಮೆಲೇ ಕೆಲಸವಿಲ್ಲದೆ ನಿಂತವು, ಅವನ್ನು ಹಾರಿಸಬಲ್ಲ ಯುವಕರೂ ಕೆಲಸವಿಲ್ಲದೆ ನಿಂತರು. ಇಂಗ್ಲೆಂಡು ತನ್ನ ವಸಾಹತುಗಳಿಗೆ ಮಿಕ್ಕ ವಿಮಾನಗಳನ್ನು ಉಡುಗೊರೆಯಾಗಿ ಹಂಚಿದಾಗ ಭಾರತದ ಪಾಲಿಗೆ ನೂರು ಬಂದವು. ಉಳಿದವು ಹಳೆಯ ಸಾಮಾನಿನ ಬೆಲೆಗೆ ಮಾರಾಟವಾದವು. ಅವನ್ನು ಕೊಂಡ ಮಾಜಿ ಸೈನಿಕ ಚಾಲಕರು ಊರಿಂದೂರಿಗೆ ಹಾರಿ, ಯಾರದೋ ಹೊಲದಲ್ಲಿ ಇಳಿದು, ಒಂದಿಷ್ಟು ಲಾಗ ಹಾಕಿ ತೋರಿಸಿ, ನೆರೆದ ಜನರನ್ನು ಹಣಕ್ಕೆ ಒಂದೊಂದು ಸುತ್ತು ಹಾರಿಸುತ್ತಿದ್ದರು. ಆಕಾಶ ಪುಕ್ಕಟೆಯಾದರೂ ಆಸನ ಪುಕ್ಕಟೆಯಲ್ಲವಲ್ಲ!

1920ರ ದಶಕದ ಕೊನೆಯಲ್ಲಿ ಹೀಗೆ ಭಾರತಕ್ಕೆ ಬಂದವರು ಬ್ರಿಟಿಷ್ ವಾಯುಪಡೆ ಬಿಟ್ಟಿದ್ದ ನೆವಿಲ್ ವಿನ್ಸೆಂಟ್ ಮತ್ತು ನ್ಯೂವಲ್ ಎಂಬ ಜೊತೆಗಾರರು. ಅವರ ಬಂಡವಾಳ ಡಿಎಚ್-9 ಎಂಬ ಎರಡು ಬೈಪ್ಲೇನುಗಳು, ಅಂದರೆ ಯುದ್ಧಕಾಲದ ಬಾಂಬರುಗಳು. ಬಾಂಬು ಹೊರಲೆಂದು ಕಟ್ಟಿದ ಯಂತ್ರಗಳಲ್ಲಿ ಅವರು ದೇಶ ಸುತ್ತಿ ಕುತೂಹಲಿಗಳನ್ನು ಹಾರಿಸಿದರು, ಮೇಲಿನಿಂದ ಭೂಮಿಯ ಛಾಯಾಚಿತ್ರಗಳನ್ನು ತೆಗೆದರು. ಈ ಅಲೆಮಾರಿತನದಿಂದಲೇ ವಿನ್ಸೆಂಟನಿಗೆ ಭಾರತದಲ್ಲಿ ನಿಯತವಾದ ವಿಮಾನ ಅಂಚೆ ಸಾಧ್ಯವೆಂಬ ನಂಬಿಕೆ ಹುಟ್ಟಿತು. ಆ ನಂಬಿಕೆಯನ್ನು ಆತ ಒಯ್ದದ್ದು ಟಾಟಾ ಸಂಸ್ಥೆಗೆ, ತರುಣ ಜೆ.ಆರ್.ಡಿ. ಟಾಟಾ ಅವರ ಬಳಿಗೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಕರಾಚಿಯಿಂದ ಮುಂಬಯಿಗೆ ಹಾರಿಸಿ ತಂದ ಅಂಚೆಚೀಲವನ್ನು ಅಲ್ಲಿಂದ ಮುಂದಕ್ಕೆ ಒಯ್ದವನು ಇದೇ ವಿನ್ಸೆಂಟ್. ಆತ ನಡುವೆ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ, ಕೊನೆಗೆ ಮುಟ್ಟಿದ್ದು ಮದರಾಸಿಗೆ. ಆ ಅಂಚೆಯ ವಿಮಾನ ಒಂಟಿ ರೆಕ್ಕೆಯ ಪುಸ್ ಮಾತ್ ಎಂಬುದು ನಿಜವಾದರೂ ಅದರ ಹಿಂದಿದ್ದ ಅನುಭವ ಎರಡು ಅಂತಸ್ತಿನ ರೆಕ್ಕೆಗಳದ್ದು. ಇಂದು ಬೆಂಗಳೂರಿಗೆ ಮುಕ್ಕಾಲು ಗಂಟೆಯಲ್ಲಿ ಹಾರಿಹೋಗುವ ನಮ್ಮ ಮಕ್ಕಳಿಗೆ, ಮದರಾಸಿನ ಮೊದಲ ವಿಮಾನ ಅಂಚೆ ಬಳ್ಳಾರಿಯ ಮೂಲಕ ಬಂತೆಂದು ಹೇಳಿದರೆ ಕಥೆಯೆಂದೇ ತಿಳಿದಾರು.

ಆದರೆ ಇಂಥ ಅಲೆಮಾರಿಗಳ ಸಂಪಾದನೆ ಎಷ್ಟು ದಿನ ನಿಂತೀತು? ಒಮ್ಮೆ ಹಾರಿದವನು ಎರಡನೆಯ ಬಾರಿ ಹಣ ಕೊಡುವುದು ಅಪರೂಪ. ಬೇಲಿ ಹಾಕಲಾಗದ ಆಕಾಶದಲ್ಲಿ ದೊಡ್ಡ ಪ್ರದರ್ಶನವನ್ನು ವರ್ಷ ವರ್ಷವೂ ನಡೆಸಬಲ್ಲವನು, ಟಿಕೆಟ್ಟಿನ ಹಣವನ್ನೇ ನೆಚ್ಚಿಕೊಳ್ಳಬೇಕಾಗಿಲ್ಲದ ಒಬ್ಬನೇ, ಸರಕಾರ. ಅದಕ್ಕೆ ಬೇಕಾದದ್ದು ಜನರ ಸಮ್ಮತಿ. ಈ ಮಾತನ್ನು ಬ್ರಿಟಿಷ್ ವಾಯುಪಡೆ ಎಲ್ಲರಿಗಿಂತ ಮೊದಲು ಅರಿತುಕೊಂಡಿತು ಎನ್ನಬೇಕು. ಯುದ್ಧ ಮುಗಿದ ಕೂಡಲೆ ಹೊಸದಾಗಿ ಹುಟ್ಟಿದ್ದ ಈ ಪಡೆ ಬೇಕೇ ಬೇಡವೇ ಎಂಬ ಚರ್ಚೆ ಲಂಡನ್ನಿನಲ್ಲಿ ಎದ್ದಿತ್ತು. ಅದಕ್ಕೆ ಉತ್ತರವೆಂಬಂತೆ 1920ರಿಂದ 1937ರವರೆಗೆ ಲಂಡನ್ನಿನ ಹೆಂಡನ್ ಮೈದಾನದಲ್ಲಿ ವರ್ಷಕ್ಕೊಮ್ಮೆ ವೈಭವದ ಪ್ರದರ್ಶನ ನಡೆಯಿತು. ಪ್ರೇಕ್ಷಕರ ಸಂಖ್ಯೆ ಮುಂದೆ ಲಕ್ಷ ದಾಟಿತು. ಆವ್ರೋ ವಿಮಾನಗಳು ಹುಚ್ಚು ಹಾರಾಟವೆಂಬ ವಿನೋದ ತೋರಿಸಿದವು, ಮುಂದಿನ ವರ್ಷಗಳಲ್ಲಿ ಹಾಕರ್ ಫ್ಯೂರಿಗಳು ಒಂದಕ್ಕೊಂದು ಹಗ್ಗ ಕಟ್ಟಿಕೊಂಡು ಲಾಗ ಹಾಕಿದವು. ಕೌಶಲದ ದೃಷ್ಟಿಯಿಂದ ಅವು ನಿಸ್ಸಂದೇಹವಾಗಿ ಮೆಚ್ಚತಕ್ಕವು.

ಪ್ರದರ್ಶನದ ಕೊನೆಯ ಅಂಕ ಮಾತ್ರ ಬೇರೆಯೇ ಸ್ವರೂಪದ್ದು. ಮೈದಾನದ ತುದಿಯಲ್ಲಿ ಮರ, ಬಟ್ಟೆಗಳಿಂದ ಒಂದು ಊರನ್ನೋ ಕೋಟೆಯನ್ನೋ ಕಟ್ಟಿರುತ್ತಿದ್ದರು. 1922ರಲ್ಲಿ ಅದು ಪೂರ್ವದೇಶದ ಮರುಭೂಮಿಯ ಕೋಟೆ. ಇನ್ನೊಂದು ವರ್ಷ ಬಿಳಿಯರನ್ನು ಸೆರೆಹಿಡಿದ ‘ದಂಗೆಕೋರ’ರ ಹಳ್ಳಿ. ಬೈಪ್ಲೇನುಗಳು ಸಾಲಾಗಿ ಬಂದು ಬಾಂಬು ಹಾಕಿದಾಗ ಅದು ಧಗಧಗನೆ ಉರಿಯುತ್ತಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು.

ಅದು ಆಟವಷ್ಟೇ ಆಗಿದ್ದರೆ ನಾವು ಇಷ್ಟು ಬರೆಯಬೇಕಾಗಿರಲಿಲ್ಲ. 1925ರ ಮಾರ್ಚಿನಿಂದ ಮೇ ಮೊದಲ ದಿನದವರೆಗೆ ಭಾರತದ ವಾಯವ್ಯ ಗಡಿಯ ವಜೀರಿಸ್ತಾನದಲ್ಲಿ ಬ್ರಿಟಿಷ್ ವಾಯುಪಡೆ ಕಾಲಾಳುಗಳ ನೆರವಿಲ್ಲದೆ, ಬ್ರಿಸ್ಟಲ್ ಫೈಟರ್ ಮತ್ತು ಡಿಎಚ್-9ಎ ಬೈಪ್ಲೇನುಗಳಿಂದಲೇ, ಮೆಹಸೂದ್ ಬುಡಕಟ್ಟಿನವರ ನೆಲೆಗಳ ಮೇಲೆ ದಾಳಿ ನಡೆಸಿತು. ಆ ಪಡೆಯ ನಾಯಕನ ಹೆಸರಿನಿಂದ ಅದನ್ನು ‘ಪಿಂಕ್ ಯುದ್ಧ’ ಎನ್ನುತ್ತಾರೆ. ಹೆಂಡನ್ನಿನಲ್ಲಿ ಬಟ್ಟೆಯ ಗೋಡೆ ಉರಿಯುತ್ತಿದ್ದ ವರ್ಷಗಳಲ್ಲಿಯೇ ಇಲ್ಲಿ ಮಣ್ಣಿನ ಗೋಡೆಗಳು ಉರುಳುತ್ತಿದ್ದವು. ಅಲ್ಲಿ ಚಪ್ಪಾಳೆ ತಟ್ಟಿದವರಿಗೆ ಇಲ್ಲಿನದು ಗೊತ್ತಿತ್ತೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳದಿರಲಾರೆವು.

ಈ ವಿಮಾನಗಳ ಹಿಂದೆ ನಮ್ಮವರ ಹಣವೂ ಇತ್ತು. 1918ರಲ್ಲಿ ಯುದ್ಧಕ್ಕಿಳಿದ ಬ್ರಿಟಿಷ್ ವಾಯುಪಡೆಯ 110ನೆಯ ಸ್ಕ್ವಾಡ್ರನ್ನಿನ ಡಿಎಚ್-9ಎ ವಿಮಾನಗಳೆಲ್ಲ ಹೈದರಾಬಾದಿನ ನಿಜಾಮರ ಕಾಣಿಕೆ. ಆ ಸ್ಕ್ವಾಡ್ರನ್ನಿಗೆ ‘ಹೈದರಾಬಾದ್’ ಎಂಬ ಹೆಸರೇ ಸೇರಿಕೊಂಡಿತು. ಅಂದಿನ ನಿಜಾಮ ರಾಜ್ಯದಲ್ಲಿ ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳೂ ಇದ್ದವೆಂಬುದನ್ನು ಮರೆಯುವಂತಿಲ್ಲ. ಆ ಬೊಕ್ಕಸ ತುಂಬಿದ್ದು ಅಲ್ಲಿನ ಜೋಳ ಬೆಳೆಯುವ ರೈತರ ಕಂದಾಯದಿಂದಲೂ ಹೌದು.

ಭಾರತೀಯ ವಾಯುಪಡೆ 1932ರ ಅಕ್ಟೋಬರ್ 8ರಂದು ಹುಟ್ಟಿದಾಗ ಅದರ ಪಾಲಿಗೆ ಬಂದದ್ದೂ ಬೈಪ್ಲೇನೇ. 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಮೊದಲ ಸ್ಕ್ವಾಡ್ರನ್ ರಚನೆಯಾದಾಗ ಇದ್ದದ್ದು ನಾಲ್ಕು ವೆಸ್ಟ್‌ಲ್ಯಾಂಡ್ ವಾಪಿಟಿಗಳು. ಹಳೆಯ ಡಿಎಚ್-9ಎ ವಿಮಾನದ ಬಿಡಿಭಾಗಗಳು ರಾಶಿ ಉಳಿದಿದ್ದುದರಿಂದ ಅವನ್ನೇ ಆದಷ್ಟು ಬಳಸಬೇಕೆಂಬ ಷರತ್ತಿನ ಮೇಲೆ ರೂಪುಗೊಂಡ ವಿಮಾನವಿದು. ಗೃಹಿಣಿಯರು ಹಳೆಯ ರೇಷ್ಮೆ ಸೀರೆಯ ಅಂಚು ಬಿಚ್ಚಿ ಹೊಸದಕ್ಕೆ ಹೊಲಿಯುವಂತೆ ಎನ್ನೋಣ. ಅದನ್ನು ಹಾರಿಸಿದ ಮೊದಲ ತಂಡದಲ್ಲಿದ್ದ ಸುಬ್ರತೋ ಮುಖರ್ಜಿಯವರು 1954ರಲ್ಲಿ ಆ ಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಅವರ ಸ್ಕ್ವಾಡ್ರನ್ ಮೊದಲು ಕಾರ್ಯಾಚರಣೆಗಿಳಿದದ್ದೂ ಅದೇ ವಜೀರಿಸ್ತಾನದಲ್ಲಿ, 1937ರಲ್ಲಿ. ಇತಿಹಾಸದ ಈ ಕಟುವಾದ ಪುಟವನ್ನು ನಮ್ಮ ಅಭಿಮಾನದ ನಡುವೆ ಮಡಿಚಿಡುವುದು ಸರಿಯಲ್ಲವೆಂದು ನಮ್ಮ ಭಾವನೆ.

ಇದೇ ವಾಪಿಟಿಗಳು ಮದರಾಸಿಗೂ ಬಂದವು. ಎರಡನೆಯ ಮಹಾಯುದ್ಧ ಆರಂಭವಾದಾಗ ಕರಾವಳಿಯ ಕಾವಲಿಗೆಂದು ಸ್ವಯಂಸೇವಕ ಮೀಸಲು ಪಡೆಯ ತುಕಡಿಗಳು ರಚನೆಯಾದವು. ಮೊದಲನೆಯ ತುಕಡಿಯ ನೆಲೆ ನಮ್ಮ ಪರಂಗಿಮಲೈ, ಅಂದರೆ ಸೇಂಟ್ ಥಾಮಸ್ ಮೌಂಟ್. ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಹಾರಲು ಕಲಿತ ಯುವಕರು, ನಾಗರಿಕ ವಿಮಾನಗಳ ಚಾಲಕರು ಇಂಥ ತುಕಡಿಗಳಿಗೆ ಸೇರಿದರು. ಯುರೋಪಿನ ಆಕಾಶದಲ್ಲಿ ಸ್ಪಿಟ್‌ಫೈರ್‌ಗಳು ಹೋರಾಡುತ್ತಿದ್ದಾಗ ಬಂಗಾಳ ಕೊಲ್ಲಿಯ ಮೇಲೆ ತೆರೆದ ಆಸನದ ಬೈಪ್ಲೇನುಗಳು ಜಲಾಂತರ್ಗಾಮಿಗಳನ್ನು ಹುಡುಕುತ್ತ ಗಸ್ತು ತಿರುಗುತ್ತಿದ್ದವು. 1942ರ ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಜಪಾನಿಯರು ಬಾಂಬು ಹಾಕಿದಾಗ ಮದರಾಸಿನಲ್ಲಿ ಗಾಬರಿ ಹುಟ್ಟಿ ಅರ್ಧ ನಗರವೇ ಖಾಲಿಯಾಯಿತು. ತಿರುವಲ್ಲಿಕ್ಕೇಣಿ, ಮೈಲಾಪುರಗಳ ಕನ್ನಡಿಗರ ಮನೆಗಳಲ್ಲಿಯೂ ಹೀಗೆ ಬೀಗ ಹಾಕಿ ಊರಿನ ರೈಲು ಹಿಡಿದವರ ಕಥೆಗಳುಂಟು. ವಿನ್ಸೆಂಟ್ ಕೂಡ ಆ ವರ್ಷದ ಆರಂಭದಲ್ಲೇ, ಇಂಗ್ಲೆಂಡಿನಿಂದ ಹಿಂದಿರುಗುವ ದಾರಿಯಲ್ಲಿ, ತಾನಿದ್ದ ಸೇನಾ ವಿಮಾನದೊಡನೆ ಕಾಣೆಯಾದ.

ಬೈಪ್ಲೇನುಗಳ ಕಾಲದಲ್ಲಿ ಪ್ರದರ್ಶನದ ಅಪಾಯ ಹೆಚ್ಚಾಗಿ ಚಾಲಕನದ್ದು. ಹಗುರವಾದ ನಿಧಾನದ ಯಂತ್ರ ಬಿದ್ದರೆ ಅವನು ಸಾಯುತ್ತಿದ್ದ, ಪ್ರೇಕ್ಷಕರು ಉಳಿಯುತ್ತಿದ್ದರು. ಜೆಟ್ ವಿಮಾನಗಳು ಈ ಲೆಕ್ಕವನ್ನು ತಿರುವುಮುರುವು ಮಾಡಿದವು. 1952ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋ ಪ್ರದರ್ಶನದಲ್ಲಿ ಜೆಟ್ ವಿಮಾನವೊಂದು ಗಾಳಿಯಲ್ಲೇ ಒಡೆದು ಅದರ ಎಂಜಿನ್ನು ಜನರ ನಡುವೆ ಬಿದ್ದಾಗ 29 ಪ್ರೇಕ್ಷಕರು ಸತ್ತರು. ಅಂದಿನಿಂದ, ಜನರ ತಲೆಯ ಮೇಲೆ ಹಾಯಬಾರದು, ಇಂತಿಷ್ಟು ದೂರದ ಗೆರೆಯಾಚೆಯೇ ಹಾರಬೇಕು ಎಂಬ ನಿಯಮಗಳು ಬಿಗಿಯಾದವು. ಆಕಾಶದ ಕಡೆಯ ಶಿಸ್ತು ಹೀಗೆ ದಶಕದಿಂದ ದಶಕಕ್ಕೆ ಹೆಚ್ಚುತ್ತ ಬಂತು.

ನೆಲದ ಕಡೆಯ ಶಿಸ್ತು? 1996ರಿಂದ ಬೆಂಗಳೂರಿನ ಯಲಹಂಕದಲ್ಲಿ ನಡೆಯುತ್ತಿರುವ ಏರೋ ಇಂಡಿಯಾವನ್ನೇ ನೋಡೋಣ. 2015ರಲ್ಲಿ ಅಲ್ಲಿ ಬೈಪ್ಲೇನಿನ ಮೇಲ್ರೆಕ್ಕೆಯ ಮೇಲೆ ನಿಂತು ಕಸರತ್ತು ತೋರಿಸಿದ ವಿದೇಶಿ ತರುಣಿಯರನ್ನು ಕಂಡು ನಮ್ಮ ಜನ ಬೆರಗಾದರು. 2019ರಲ್ಲಿ ಪ್ರದರ್ಶನದ ಹಿಂದಿನ ದಿನ ಸೂರ್ಯಕಿರಣ್ ತಂಡದ ಎರಡು ವಿಮಾನಗಳು ಢಿಕ್ಕಿ ಹೊಡೆದು ಒಬ್ಬ ಚಾಲಕರು ಪ್ರಾಣ ತೆತ್ತರು. ಅದೇ ವಾರ ವಾಹನ ನಿಲುಗಡೆಯ ಒಣಹುಲ್ಲಿನ ಬಯಲಿಗೆ ಬೆಂಕಿ ತಗಲಿ ಸುಮಾರು 300 ಕಾರುಗಳು ಸುಟ್ಟವು. ಮೊದಲನೆಯದು ಕಲಾವಿದನೊಬ್ಬ ತಿಳಿದೇ ಎದುರಿಸಿದ ಅಪಾಯ, ಎರಡನೆಯದು ಯಾರೂ ಎಣಿಸದೇ ಬಿಟ್ಟದ್ದು.

ವಾಯುಪಡೆಯ 92ನೆಯ ವರ್ಷದ ನಿಮಿತ್ತ 2024ರ ಅಕ್ಟೋಬರ್ 6, ಭಾನುವಾರ, ಮೆರೀನಾದಲ್ಲಿ ನಡೆದ ಪ್ರದರ್ಶನವಂತೂ ನಮ್ಮ ಕಣ್ಣೆದುರಿನದು. 72 ವಿಮಾನಗಳು, ಬೆಳಗ್ಗೆ ಹನ್ನೊಂದರಿಂದ ಒಂದು ಗಂಟೆ. ರಫಾಲ್, ಸುಖೋಯ್, ಬೆಂಗಳೂರಿನಲ್ಲೇ ತಯಾರಾದ ತೇಜಸ್, ಸಾರಂಗ್ ಹೆಲಿಕಾಪ್ಟರುಗಳು, ಪರಂಪರೆಯ ನೆನಪಿಗೆ ಡಕೋಟಾ ಮತ್ತು ಹಾರ್ವರ್ಡ್. ಅಂದಾಜಿನಂತೆ ಹದಿಮೂರರಿಂದ ಹದಿನೈದು ಲಕ್ಷ ಜನ. ಆಕಾಶದಲ್ಲಿ ಒಂದು ಲೋಪವೂ ಆಗಲಿಲ್ಲ. ನೆಲದ ಮೇಲೆ ಐವರು ಸತ್ತರು, ನೂರಾರು ಮಂದಿ ಬಿಸಿಲಿಗೂ ಬಾಯಾರಿಕೆಗೂ ಬಳಲಿ ಆಸ್ಪತ್ರೆ ಸೇರಿದರು. ಪ್ರದರ್ಶನ ಮುಗಿದೊಡನೆ ಎಲ್ಲರೂ ಒಮ್ಮೆಲೇ ಹೊರಟಾಗ ರಸ್ತೆಗಳು, ರೈಲು ನಿಲ್ದಾಣಗಳು ಕಾಲಿಡಲಾಗದಂತಾದವು. ನಮ್ಮ ಬಳಗದ ಕೆಲವು ಕುಟುಂಬಗಳು ಮಕ್ಕಳನ್ನು ಹೆಗಲ ಮೇಲೆ ಹೊತ್ತು ರಾಯಪೇಟೆಯವರೆಗೂ ನಡೆದೇ ಬಂದವು. ಕುಡಿಯುವ ನೀರಿಗಾಗಿ ಬಾಗಿಲು ತಟ್ಟಿದವರಿಗೆ ದಾರಿಯುದ್ದಕ್ಕೂ ಅಪರಿಚಿತರ ಮನೆಗಳವರು ಕೊಡ ತಂದಿಟ್ಟು ನೀರು ಕೊಟ್ಟರೆಂದು ಅವರು ಇಂದಿಗೂ ನೆನೆಯುತ್ತಾರೆ. ಟಿಕೆಟ್ಟಿಲ್ಲದ ನೋಟಕ್ಕೆ ಎಷ್ಟು ಜನ ಬಂದಾರೆಂಬುದನ್ನು ಟಿಕೆಟ್ಟಿನಿಂದ ಎಣಿಸಲಾಗದು ಎಂಬುದು ಸರಿ. ಆದರೆ ಜನರನ್ನು ಕರೆದದ್ದಂತೂ ಕರೆದದ್ದೇ ಅಲ್ಲವೆ? ಊಟಕ್ಕೆ ಕರೆದ ಮನೆಯವರು ಎಲೆಗಳ ಸಂಖ್ಯೆಯನ್ನು ಮುಂಚಿತವಾಗಿ ಅಂದಾಜು ಮಾಡುವುದಿಲ್ಲವೆ? ಕರೆದವರು ಯಾರು, ನೀರಿಟ್ಟವರು ಯಾರು ಎಂಬ ವಾದ ಆ ವಾರವೆಲ್ಲ ನಡೆಯಿತು. ಆ ಐದು ಮನೆಗಳಿಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ.

ಬೈಪ್ಲೇನುಗಳನ್ನು ನೋಡಬಯಸುವ ಓದುಗರಿಗೆ ಒಂದೆರಡು ಮಾತು. ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ಸಂಗ್ರಹಾಲಯದಲ್ಲಿ ವಾಪಿಟಿ ವಿಮಾನವೊಂದನ್ನು ಉಳಿಸಿಕೊಂಡಿದ್ದಾರೆ. ವಾಯುಪಡೆ ದುರಸ್ತಿ ಮಾಡಿಸಿದ ಟೈಗರ್ ಮಾತ್ ಎಂಬ ತರಬೇತಿ ಬೈಪ್ಲೇನ್ 2012ರ ವಾಯುಪಡೆ ದಿನದಂದು ಹಿಂಡನ್ ನೆಲೆಯಲ್ಲಿ ಮತ್ತೆ ಹಾರಿತು. ಇವೆರಡಕ್ಕಿಂತಲೂ ನಮಗೆ ಹತ್ತಿರದ್ದು ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ. ಅಲ್ಲಿ ರೈಟ್ ಸಹೋದರರ 1903ರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿಯಿದೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋದಾಗ ರೆಕ್ಕೆಗಳ ನಡುವಿನ ಕಂಬಗಳನ್ನೂ ಓರೆಯಾಗಿ ಬಿಗಿದ ತಂತಿಗಳನ್ನೂ ತೋರಿಸಿರಿ. ಹಿಂದಿರುಗುವಾಗ ರೈಲು ಯಾವುದಾದರೂ ಕಬ್ಬಿಣದ ಸೇತುವೆಯನ್ನು ದಾಟಿದರೆ ಅವರೇ ಗುರುತು ಹಿಡಿದಾರು.